ಒಲೆಯೊಳಗೇ ಕೂರುವ ಜಾಗ: ‘ಇಂಗಲ್‌ನೂಕ್’ ಎಂದರೇನು?

ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ಸಸೆಕ್ಸ್ ಕಡೆ ಒಂದು ಹಳೇ ಮನೆ ಬಾಡಿಗೆಗೆ ನೋಡಿದ್ದಾರೆ. ಜಾಹೀರಾತಿನಲ್ಲಿ ‘ಇಂಗಲ್‌ನೂಕ್ ಇದೆ’ ಎಂದು ದೊಡ್ಡದಾಗಿ ಹಾಕಿದ್ದಾರೆ. ಡಿಕ್ಷನರಿ ತೆಗೆದರೆ ‘ಇಂಗಲ್’ ಅಂದ್ರೆ ಮನೆಯ ಒಲೆ, ಹಳೇ ಕಾಲದ ಪದ ಎಂದಿದೆ. ಫೋಟೋ ನೋಡಿದರೆ ಅದು ಒಲೆಯ ಹಾಗಿಲ್ಲ, ಗೋಡೆಯೊಳಗೆ ಒಂದು ಸಣ್ಣ ಕೋಣೆಯೇ ಇದೆ. ಒಳಗೆ ಎರಡೂ ಬದಿಗೆ ಕೂರುವ ಕಟ್ಟೆ ಬೇರೆ! ಬೆಂಕಿ ಪಕ್ಕ ಒಳಗೇ ಕೂರುತ್ತಿದ್ದರಾ? ಹೊಗೆಗೆ ಉಸಿರು ಕಟ್ಟುತ್ತಿರಲಿಲ್ಲವಾ? ಈಗ ಅದರಲ್ಲಿ ಸೌದೆ ಉರಿಸಬಹುದಾ?

ಉತ್ತರ: ಹೌದು, ಒಳಗೇ ಕೂರುತ್ತಿದ್ದರು. ಮನೆಯಲ್ಲಿ ಬೆಚ್ಚಗಿರುತ್ತಿದ್ದುದು ಆ ಜಾಗ ಒಂದೇ. ಕೋಣೆಯ ಉಳಿದ ಭಾಗಕ್ಕೆ ಬೆಂಕಿಯ ಬೆಳಕು ಬರುತ್ತಿತ್ತು, ಬಿಸಿ ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ಜನ ತಾವೇ ಬೆಂಕಿ ಇದ್ದಲ್ಲಿಗೆ ಹೋಗಿ ಕೂತರು. ಇಂಗಲ್‌ನೂಕ್‌ನ ಕಥೆಯೆಲ್ಲ ಇಷ್ಟರಲ್ಲೇ ಇದೆ.

ಮೊದಲು ಆ ಹೆಸರಿನ ವಿಚಾರ ಮುಗಿಸಿಬಿಡೋಣ. ‘ಇಂಗಲ್’ ಇಂಗ್ಲೆಂಡಿನದ್ದಲ್ಲ, ಸ್ಕಾಟ್ಲೆಂಡಿನದ್ದು. ಮನೆಯಲ್ಲಿ ಉರಿಯುವ ಬೆಂಕಿಗೂ ಅದೇ ಹೆಸರು, ಬೆಂಕಿ ಇರುವ ಒಲೆಗೂ ಅದೇ. 16ನೇ ಶತಮಾನದಿಂದ ಬರಹದಲ್ಲಿ ಸಿಗುತ್ತದೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಬೆಂಕಿಗೆ, ಬೆಳಕಿಗೆ ಇದ್ದ ಒಂದು ಮಾತಿನಿಂದ ಬಂದಿರಬೇಕು ಎಂಬುದು ಬಹುತೇಕ ವಿದ್ವಾಂಸರ ಊಹೆ. ‘ನೂಕ್’ ಅಂದ್ರೆ ಮೂಲೆ. ನಿಮಗೆ ‘ಅಗ್ನಿ’ ನೆನಪಾಗಿದ್ದರೆ ತಪ್ಪಿಲ್ಲ. ಲ್ಯಾಟಿನ್ನಿನ ‘ಇಗ್ನಿಸ್’ ನಮ್ಮ ಅಗ್ನಿಯ ನೆಂಟ ಹೌದು. ಆದರೆ ಇಂಗಲ್‌ಗೂ ಆ ನೆಂಟಸ್ತಿಕೆ ಇದೆಯಾ ಎಂಬುದು ಖಚಿತವಿಲ್ಲ.

ಕವಿ ರಾಬರ್ಟ್ ಬರ್ನ್ಸ್ ಈ ಮಾತನ್ನು ತುಂಬ ಬಳಸಿದ. 1786ರಲ್ಲಿ ಅಚ್ಚಾದ ಅವನ ಒಂದು ಕವಿತೆಯಲ್ಲಿ ಕೂಲಿ ರೈತನೊಬ್ಬ ಶನಿವಾರ ಸಂಜೆ ದಣಿದು ಮನೆಗೆ ಬರುತ್ತಾನೆ. ಮಕ್ಕಳು ಓಡಿ ಬರುತ್ತವೆ, ಒಳಗೆ ಪುಟ್ಟ ಇಂಗಲ್ ಮಿನುಗುತ್ತಿರುತ್ತದೆ. ಇಂಗ್ಲಿಷ್ ಓದುಗರಿಗೆ ಈ ಪದದ ಮೇಲೆ ಮೋಹ ಹುಟ್ಟಿದ್ದು ಹೆಚ್ಚಾಗಿ ಇಂಥ ಸಾಲುಗಳಿಂದ. ನಿಮ್ಮ ಮಗಳು ನೋಡಿರುವ ಸಸೆಕ್ಸ್ ಮನೆಯನ್ನು ಕಟ್ಟಿದವರು ಅದನ್ನು ಇಂಗಲ್‌ನೂಕ್ ಎಂದು ಕರೆದಿರಲಿಕ್ಕಿಲ್ಲ. ಆ ಕಡೆ ಅದಕ್ಕೆ ಸುಮ್ನೆ ‘ಚಿಮ್ನಿ ಮೂಲೆ’ ಎನ್ನುತ್ತಿದ್ದರು. ಸ್ಕಾಟ್ಲೆಂಡಿನ ಹೆಸರು ಆಮೇಲೆ ಅಂಟಿಕೊಂಡಿತು. ಈಗ ಮನೆ ಬ್ರೋಕರುಗಳ ಬಾಯಲ್ಲಿ ಉಳಿದಿದೆ. ಬಾಡಿಗೆಗೆ ಒಂದಿಷ್ಟು ಜಾಸ್ತಿ ಸೇರಿಸಲು ಅನುಕೂಲ, ಅಲ್ವಾ?

ಇನ್ನು ಒಲೆಯ ವಿಷಯ. ಹಳೇ ಇಂಗ್ಲೆಂಡಿನ ಸಾಮಾನ್ಯ ಮನೆಗಳಲ್ಲಿ ಚಿಮ್ನಿ ಇರಲಿಲ್ಲ. ನಡುಮನೆಯ ಮಧ್ಯದಲ್ಲಿ ಕಲ್ಲು ಹಾಸಿ ಅದರ ಮೇಲೆ ಬೆಂಕಿ ಹಾಕುತ್ತಿದ್ದರು. ಸುತ್ತ ಎಲ್ಲರೂ ಕೂರಬಹುದು. ಹೊಗೆ ಮೇಲೇರಿ ಸೂರಿನ ಸಂದಿಯಲ್ಲೋ ಚಾವಣಿಯ ಕಿಂಡಿಯಲ್ಲೋ ಹೊರಗೆ ಹೋಗಬೇಕು. ಕೆಂಟ್ ಜಿಲ್ಲೆಯ ಪೆನ್ಸ್‌ಹರ್ಸ್ಟ್ ಪ್ಲೇಸ್ ಎಂಬ ಅರಮನೆಯಂಥ ಮನೆಯಲ್ಲಿ 1341ರ ಕಾಲದ ದೊಡ್ಡ ಹಜಾರ ಇದೆ. ಅದರ ನಟ್ಟನಡುವೆ ಎಂಟು ಮೂಲೆಯ ಒಲೆಕಟ್ಟೆ ಈಗಲೂ ಇದೆ, ಹೋದರೆ ನೋಡಬಹುದು. ಡೆವನ್ ಕಡೆಯ ಕೆಲವು ಹಳ್ಳಿಮನೆಗಳಲ್ಲಿ ಅಟ್ಟ ಹತ್ತಿ ಟಾರ್ಚ್ ಹಿಡಿದರೆ ಸೂರಿನ ಮರಗಳು ಇದ್ದಿಲಿನ ಹಾಗೆ ಕಪ್ಪಗೆ ಕಾಣುತ್ತವೆ. ಹುಲ್ಲಿನ ಒಳಮೈಗೂ ಇಲ್ಲಣ ಹತ್ತಿದೆ. ಆ ಮನೆಗಳಿಗೆ ಚಿಮ್ನಿ ಆಮೇಲೆ ಬಂತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಂತೂ ಈ ನಡುಮನೆ ಬೆಂಕಿ 20ನೇ ಶತಮಾನದವರೆಗೂ ಬಂದಿತ್ತು. ಲೂಯಿಸ್ ದ್ವೀಪದ ಆರ್ನಲ್ ಎಂಬ ಹಳ್ಳಿಯಲ್ಲಿ ಅಂಥ ಒಂದು ಮನೆಯನ್ನು ಹಾಗೇ ಕಾಪಾಡಿದ್ದಾರೆ. ದಪ್ಪ ಕಲ್ಲಿನ ಗೋಡೆ, ಹುಲ್ಲಿನ ಸೂರು, ಚಿಮ್ನಿ ಇಲ್ಲ. 1966ರ ತನಕ ಅದರಲ್ಲಿ ಜನ ವಾಸವಿದ್ದರು. ಅಲ್ಲಿ ಸೌದೆ ಇಲ್ಲ. ಜೌಗು ನೆಲದಿಂದ ಕೊಯ್ದು ಒಣಗಿಸಿದ ಪೀಟ್ ಎಂಬ ಮಣ್ಣಿನ ಹೆಂಟೆಯೇ ಉರುವಲು. ಆ ಬೆಂಕಿ ಆರಲು ಬಿಡುತ್ತಿರಲಿಲ್ಲ. ರಾತ್ರಿ ಮಲಗುವ ಮುಂಚೆ ಮನೆಯಾಕೆ ಪ್ರಾರ್ಥನೆ ಹೇಳುತ್ತ ಕೆಂಡದ ಮೇಲೆ ಬೂದಿ ಮುಚ್ಚುವಳು, ಬೆಳಿಗ್ಗೆ ಕೆದಕಿ ಊದುವಳು. ಹೊಗೆ ತಿಂದ ಹಳೇ ಹುಲ್ಲನ್ನು ಬಿಸಾಡುತ್ತಲೂ ಇರಲಿಲ್ಲ. ಸೂರು ಬದಲಿಸಿದಾಗ ಅದನ್ನು ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು.

ದಕ್ಷಿಣದಲ್ಲಿ ಬದಲಾವಣೆ ಮೊದಲೇ ಬಂತು. ಮೊದಲು ಬೆಂಕಿಯನ್ನು ಮನೆಯ ಒಂದು ಪಕ್ಕಕ್ಕೆ ಸರಿಸಿ ಆ ಅಂಕಣವನ್ನು ಹೊಗೆಗೆ ಬಿಟ್ಟುಕೊಟ್ಟರು. ಆಮೇಲೆ ಮರ, ಮಣ್ಣು ಬಳಸಿ ಹೊಗೆಗೂಡು ಕಟ್ಟಿದರು. ಅದಕ್ಕೆ ಬೆಂಕಿ ಹತ್ತಿಕೊಳ್ಳುವ ಭಯ ಇದ್ದೇ ಇತ್ತು. 16ನೇ ಶತಮಾನದಲ್ಲಿ ಇಟ್ಟಿಗೆ ಸಾಮಾನ್ಯ ರೈತನ ಕೈಗೂ ಎಟುಕತೊಡಗಿದಾಗ ಇಟ್ಟಿಗೆ ಚಿಮ್ನಿ ಬಂತು. ಹೊಗೆ ಒಂದೇ ದಾರಿಯಲ್ಲಿ ಹೋಗತೊಡಗಿದ್ದರಿಂದ ನಡುಮನೆಗೆ ಅಟ್ಟ ಹಾಕಿ ಮೇಲೊಂದು ಮಲಗುವ ಕೋಣೆ ಮಾಡಿಕೊಳ್ಳಲು ಆಯಿತು. ಇಂಗ್ಲೆಂಡಿನ ರೈತರ ಮನೆಗಳಿಗೆ ಮಹಡಿ ಬಂದದ್ದು ಹೆಚ್ಚಾಗಿ ಹೀಗೆ.

ಎಸೆಕ್ಸ್ ಕಡೆಯ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ತನ್ನ ಊರಿನ ಮುದುಕರ ಮಾತನ್ನು ಬರೆದಿಟ್ಟಿದ್ದಾನೆ. ತಮ್ಮ ಕಾಲದಲ್ಲಿ ತುಂಬ ಬದಲಾದದ್ದು ಮೂರು ಎನ್ನುತ್ತಿದ್ದರಂತೆ: ಹಾಸಿಗೆ, ಊಟದ ಪಾತ್ರೆ, ಮತ್ತೆ ಎಲ್ಲೆಲ್ಲೂ ಎದ್ದ ಚಿಮ್ನಿ. ಹ್ಯಾರಿಸನ್‌ಗೆ ಈ ಚಿಮ್ನಿಗಳ ಮೇಲೆ ಅಸಮಾಧಾನ. ಹಿಂದೆ ಮನೆ ತುಂಬ ಹೊಗೆ ಇದ್ದಾಗ ಮರಗಳೂ ಗಟ್ಟಿಯಾಗಿದ್ದವು, ಮನೆಯವರೂ ಗಟ್ಟಿಯಾಗಿದ್ದರು. ಈಗ ಎಲ್ಲರಿಗೂ ನೆಗಡಿ, ತಲೆನೋವು ಎಂದು ಗೊಣಗುತ್ತಾನೆ. ಮರದ ಬಗ್ಗೆ ಅವನು ಹೇಳಿದ್ದರಲ್ಲಿ ಹುರುಳಿದೆ. ಹೊಗೆ ಹಿಡಿದ ಮರಕ್ಕೆ ಹುಳ ಕಮ್ಮಿ. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದ ಸಾಮಾನು ಕೆಡದೆ ಉಳಿಯುವುದೂ ಇದರಿಂದಲೇ. ನೆಗಡಿ ವಿಚಾರ ಬಿಡಿ.

ಸೌದೆ ಉರಿಸಲು ಜಾಗ ಬೇಕು. ಮೂರ್ನಾಲ್ಕು ಅಡಿಯ ಕೊರಡುಗಳನ್ನು ಕಡಿಯದೆ ಹಾಗೇ ಇಡುವವರಿಗೆ ಇನ್ನೂ ಜಾಸ್ತಿ ಬೇಕು. ಹಾಗಾಗಿ ಒಲೆಯ ಬಾಯಿ ಏಳೆಂಟು ಅಡಿ ಅಗಲ, ಕೆಲವು ಕಡೆ ಅದಕ್ಕೂ ಹೆಚ್ಚು. ಅಷ್ಟಗಲದ ಬಾಯಿಯ ಮೇಲೆ ಒಂದೇ ಓಕ್ ಮರದ ತೊಲೆ. ಆ ತೊಲೆಯ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಬೇಕು. ಬೆಂಕಿ ನಡುವೆ, ಕಬ್ಬಿಣದ ಎರಡು ಕಾಲುಗಳ ಮೇಲೆ. ಎರಡು ಪಕ್ಕ ಮಿಕ್ಕ ಜಾಗದಲ್ಲಿ ಕಟ್ಟೆ ಅಥವಾ ಮರದ ಬೆಂಚು. ನಿಮಗೆ ಫೋಟೋದಲ್ಲಿ ಕಂಡದ್ದು ಇದೇ.

ಆ ಕಟ್ಟೆಯ ಮೇಲೆ ಕೂತು ಸುತ್ತ ನೋಡಿದರೆ ಅದೇ ಒಂದು ಅಡುಗೆಮನೆ, ಉಗ್ರಾಣ ಎಲ್ಲ. ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಗೂಡು ಇರುತ್ತದೆ. ಉಪ್ಪು ನೀರೊಡೆಯದಿರಲಿ ಎಂದು ಅಲ್ಲಿಡುತ್ತಿದ್ದರು. ಇನ್ನೊಂದು ಕಡೆ ಗುಮ್ಮಟದ ಹಾಗಿರುವ ಬ್ರೆಡ್ ಗೂಡು. ಅದರೊಳಗೇ ಕಡ್ಡಿಪುಳ್ಳೆ ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡ ಬಳಿದು ತೆಗೆದು, ಹಿಟ್ಟು ಒಳಗಿಟ್ಟು ಬಾಯಿ ಮುಚ್ಚುವುದು. ಹಿಂದಿನ ಗೋಡೆಗೆ ಎರಕದ ಕಬ್ಬಿಣದ ಹಲಗೆ ಒರಗಿಸಿರುತ್ತಾರೆ. ಇಟ್ಟಿಗೆ ಸುಟ್ಟು ಉದುರದ ಹಾಗೆ ಅದು ಕಾಯುತ್ತದೆ, ಶಾಖವನ್ನೂ ಮುಂದಕ್ಕೆ ತಳ್ಳುತ್ತದೆ. ಸಸೆಕ್ಸ್‌ನ ವೀಲ್ಡ್ ಪ್ರದೇಶ ಆಗ ಕಬ್ಬಿಣದ ಕುಲುಮೆಗಳಿಗೆ ಹೆಸರುವಾಸಿ. ಇಂಥ ಹಲಗೆಗಳು ಅಲ್ಲಿಂದಲೇ ಬರುತ್ತಿದ್ದವು. ನಿಮ್ಮ ಮಗಳ ಮನೆಯಲ್ಲಿ ಹಳೆಯದು ಉಳಿದಿದ್ದರೆ ಅದೃಷ್ಟ. ಪಕ್ಕದಿಂದ ಬಾಗಿಲಿನಂತೆ ತಿರುಗುವ ಕಬ್ಬಿಣದ ತೋಳಿಗೆ ಹಂಡೆಯಂಥ ಪಾತ್ರೆ ನೇತುಹಾಕಿ, ಬೆಂಕಿಯ ಮೇಲಕ್ಕೆ ತಳ್ಳುವುದು, ಬೆಂದ ಮೇಲೆ ಎಳೆದುಕೊಳ್ಳುವುದು. ತಲೆಯೆತ್ತಿದರೆ ಚಿಮ್ನಿಯೊಳಗೆ ಹಂದಿ ಮಾಂಸದ ತುಂಡುಗಳು ಹೊಗೆಗೆ ನೇತಾಡುತ್ತಿರುತ್ತವೆ. ಅವುಗಳಾಚೆ ಒಂದು ತುಂಡು ಆಕಾಶ. ಮಳೆ ಬಂದರೆ ಹನಿ ನೇರ ಕೆಂಡಕ್ಕೇ ಬಿದ್ದು ಚುಯ್ ಎನ್ನುತ್ತದೆ.

ದೊಡ್ಡ ಮನೆಗಳಲ್ಲಿ ಮಾಂಸವನ್ನು ಕಬ್ಬಿಣದ ಸರಳಿಗೆ ಚುಚ್ಚಿ ಗಂಟೆಗಟ್ಟಲೆ ತಿರುಗಿಸಬೇಕಿತ್ತು. ಆ ಕೆಲಸಕ್ಕೆ ಹುಡುಗರ ಬದಲು ನಾಯಿ ಇಟ್ಟುಕೊಂಡವರೂ ಇದ್ದರು. ಗಿಡ್ಡ ಕಾಲು, ಉದ್ದ ಮೈಯ ಒಂದು ನಾಯಿಯನ್ನು ಗೋಡೆಯ ಚಕ್ರದೊಳಗೆ ಬಿಟ್ಟರೆ ಅದು ನಡೆಯುತ್ತಲೇ ಇರುವುದು, ಸರಳು ತಿರುಗುತ್ತಲೇ ಇರುವುದು. ಆ ತಳಿ ಈಗ ಇಲ್ಲ. ವೇಲ್ಸ್‌ನ ಆಬರ್ಗವೆನ್ನಿ ಊರಿನ ಮ್ಯೂಸಿಯಂನಲ್ಲಿ ಹುಲ್ಲು ತುಂಬಿಟ್ಟ ಒಂದು ನಾಯಿ ಮಾತ್ರ ಉಳಿದಿದೆ. ಹೆಸರು ವಿಸ್ಕಿ.

ಹೊಗೆಗೆ ಉಸಿರು ಕಟ್ಟುತ್ತಿರಲಿಲ್ಲವಾ ಎಂದು ಕೇಳಿದಿರಿ. ಕಣ್ಣಂತೂ ಉರಿಯುತ್ತಿತ್ತು. ಚಿಮ್ನಿ ಹೊಗೆಯನ್ನು ಎಳೆಯುವುದು ಒಳಗಿನ ಬಿಸಿಗಾಳಿ ಹಗುರ, ಹೊರಗಿನದು ಭಾರ ಎಂಬ ಕಾರಣಕ್ಕೆ. ಮನುಷ್ಯ ಹೋಗುವಷ್ಟು ಅಗಲದ ಚಿಮ್ನಿಯಲ್ಲಿ ಬಿಸಿಗಾಳಿ ಬೇಗ ತಣ್ಣಗಾಗುತ್ತದೆ, ನಿಧಾನಕ್ಕೆ ಏರುತ್ತದೆ. ಗಾಳಿ ತಿರುಗಿದರೆ ಹೊಗೆ ಮನೆಯೊಳಗೇ ವಾಪಸ್. ಅದಕ್ಕೇ ತೊಲೆಯ ಉದ್ದಕ್ಕೂ ಒಂದು ಬಟ್ಟೆಯ ಪಟ್ಟಿ ಕಟ್ಟಿ ಬಾಯಿಯನ್ನು ಸ್ವಲ್ಪ ತಗ್ಗಿಸುತ್ತಿದ್ದರು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಅಷ್ಟು ದೊಡ್ಡ ಬಾಯಿ ಕೋಣೆಯ ಗಾಳಿಯನ್ನೆಲ್ಲ ನುಂಗುತ್ತದೆ. ಆ ಗಾಳಿಯ ಜಾಗಕ್ಕೆ ಬಾಗಿಲ ಸಂದಿಯಿಂದ, ಕಿಟಕಿಯಿಂದ ಹೊಸ ತಣ್ಣನೆ ಗಾಳಿ ನುಗ್ಗುತ್ತದೆ. ಬೆಂಕಿ ಜೋರಾದಷ್ಟೂ ಕೋಣೆಯೊಳಗೆ ಚಳಿಗಾಳಿ ಜೋರು! ಬೆಂಕಿಗೆ ಮುಖ ಮಾಡಿ ಕೋಣೆಯಲ್ಲಿ ಕೂತವನಿಗೆ ಮುಂದೆ ಸುಡುವುದು, ಬೆನ್ನು ಹೆಪ್ಪುಗಟ್ಟುವುದು. ಒಳಗಿನ ಕಟ್ಟೆಯಲ್ಲಿ ಕೂತವನಿಗೆ ಈ ಕಾಟ ಇಲ್ಲ, ಬೆನ್ನಿಗೆ ಕಾದ ಇಟ್ಟಿಗೆ ಇರುತ್ತದೆ. ಅದಕ್ಕೇ ಆ ಜಾಗ ಹೆಚ್ಚಾಗಿ ಮನೆಯ ಹಿರಿಯರಿಗೆ ಸಲ್ಲುತ್ತಿತ್ತು.

ಸರ್ಕಾರದ ಕಣ್ಣೂ ಒಲೆಯ ಮೇಲೆ ಬಿತ್ತು. ಎರಡನೇ ಚಾರ್ಲ್ಸ್ ರಾಜ 1662ರಲ್ಲಿ ಒಲೆಗೆ ಕಂದಾಯ ಹಾಕಿದ. ಒಂದು ಒಲೆಗೆ ವರ್ಷಕ್ಕೆ 2 ಶಿಲ್ಲಿಂಗ್, ಎರಡು ಕಂತಿನಲ್ಲಿ. ತೀರಾ ಬಡವರಿಗೆ ಮಾಫಿ. ವಸೂಲಿಯವರು ಮನೆಯೊಳಗೇ ನುಗ್ಗಿ ಒಲೆ ಎಣಿಸುತ್ತಿದ್ದರು. ಜನ ಸಿಟ್ಟಾಗಿದ್ದು ದುಡ್ಡಿಗಿಂತ ಇದಕ್ಕೇ ಜಾಸ್ತಿ. ಕೊನೆಗೆ 1689ರಲ್ಲಿ ಹೊಸ ರಾಜ ರಾಣಿ ಬಂದಾಗ ಕಂದಾಯ ರದ್ದಾಯಿತು. ಆಗಿನ ಲೆಕ್ಕದ ಪಟ್ಟಿಗಳು ಮಾತ್ರ ಈಗ ಬಂಗಾರ. ಯಾವ ಊರಲ್ಲಿ ಯಾರ ಮನೆಗೆ ಎಷ್ಟು ಒಲೆ ಎಂದು ನೋಡಿ ಇತಿಹಾಸಕಾರರು ಯಾರು ಉಳ್ಳವರು, ಯಾರು ಇಲ್ಲದವರು ಎಂದು ಹೇಳಿಬಿಡುತ್ತಾರೆ.

ಮಗಳು ಮನೆ ನೋಡಲು ಹೋದಾಗ ಆ ಓಕ್ ತೊಲೆಯನ್ನು ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಲಿ. ಕಣ್ಣೀರ ಹನಿಯ ಆಕಾರದ ಸುಟ್ಟ ಗುರುತುಗಳು ಸಿಗಬಹುದು. ದೀಪ ತಗುಲಿ ಆದದ್ದು ಎಂದು ಮೊದಲು ಅಂದುಕೊಂಡಿದ್ದರು. ಆದರೆ ಅಂಥ ಗುರುತು ಬೀಳಬೇಕಾದರೆ ಜ್ವಾಲೆಯನ್ನು ಒಂದೇ ಕಡೆ, ಒಂದೇ ಓರೆಯಲ್ಲಿ ಬಹಳ ಹೊತ್ತು ಹಿಡಿಯಬೇಕು. ಬೇಕಂತಲೇ ಮಾಡಿದ್ದು ಎಂದು ಈಗ ಅನೇಕರು ಒಪ್ಪುತ್ತಾರೆ. ಬಾಗಿಲಿಗೆ ಅಗುಳಿ ಹಾಕಬಹುದು, ಚಿಮ್ನಿಗೆ ಹಾಕಲಾಗದು. ಮಾಟಗಾತಿ, ದೆವ್ವ ಬಂದರೆ ಆ ದಾರಿಯಿಂದಲೇ ಬರಬೇಕು ಎಂಬ ಭಯ. ಅದಕ್ಕೇ ತೊಲೆಗೆ ರಕ್ಷೆಯ ಗುರುತು. ಕೈವಾರದಿಂದ ಕೊರೆದ ಆರು ಎಸಳಿನ ಹೂವೂ ಇರುತ್ತದೆ. ಇನ್ನೂ ವಿಚಿತ್ರ ಎಂದರೆ ಚಿಮ್ನಿಯ ಒಳಗೋಡೆಯಲ್ಲಿ ಸವೆದ ಹಳೇ ಬೂಟು ಬಚ್ಚಿಡುವುದು. ರಿಪೇರಿಗೆ ಗೋಡೆ ಒಡೆದಾಗ ಇಂಥ ಬೂಟುಗಳು ಎಷ್ಟು ಸಿಕ್ಕಿವೆ ಎಂದರೆ, ನಾರ್ಥಾಂಪ್ಟನ್ ಮ್ಯೂಸಿಯಂ ಅದಕ್ಕೇ ಒಂದು ದಾಖಲೆ ಪಟ್ಟಿ ಇಟ್ಟಿದೆ. ಕಟ್ಟುವ ಮನೆಗೆ ದೃಷ್ಟಿ ತಾಗದಿರಲಿ ಎಂದು ಹಳೇ ಚಪ್ಪಲಿ ತೂಗುಹಾಕುವ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಈ ಒಲೆಯನ್ನು ಮುಗಿಸಿದ್ದು ಕಲ್ಲಿದ್ದಲು. ಅದಕ್ಕೆ ಎಂಟಡಿ ಜಾಗ ಬೇಡ. ಒಂದು ಸಣ್ಣ ಕಬ್ಬಿಣದ ಬುಟ್ಟಿ, ಇಕ್ಕಟ್ಟಾದ ಚಿಮ್ನಿ ಸಾಕು. ಅಮೆರಿಕದಲ್ಲಿ ಹುಟ್ಟಿದ ಕೌಂಟ್ ರಮ್‌ಫರ್ಡ್ ಎಂಬಾತ 1796ರಲ್ಲಿ ಒಲೆಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಒಲೆಯ ಆಳ ಕಮ್ಮಿ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಚಿಮ್ನಿಯ ಗಂಟಲನ್ನು ನಾಲ್ಕು ಅಂಗುಲಕ್ಕೆ ಇಳಿಸಿ ಎಂದ. ಹೊಗೆ ಸಲೀಸಾಗಿ ಮೇಲೇರಿತು, ಶಾಖ ಕೋಣೆಗೆ ಬಂತು. ಅಲ್ಲಿಗೆ ಒಲೆಯೊಳಗೆ ಕೂರುವ ಅಗತ್ಯ ಮುಗಿಯಿತು. ಹಳೇ ದೊಡ್ಡ ಬಾಯಿಗಳನ್ನು ಇಟ್ಟಿಗೆಯಿಂದ ಮುಚ್ಚಿ ಒಳಗೊಂದು ಚಿಕ್ಕ ಒಲೆ, ಆಮೇಲೆ ಅದರೊಳಗೆ ಇನ್ನೂ ಚಿಕ್ಕದು. ಒಂದರ ಹಿಂದೊಂದು ಒಡೆಯುತ್ತ ಹೋಗಿ ಕೊನೆಗೆ ಇಂಗಲ್‌ನೂಕ್ ಪತ್ತೆ ಮಾಡಿದ ಮನೆಯವರು ಅಲ್ಲಿ ತುಂಬ ಜನ ಸಿಗುತ್ತಾರೆ. ಚಿಕ್ಕಮಗಳೂರು, ಕೊಡಗಿನ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ನೀವು ನೋಡಿರುವ ಫೈರ್‌ಪ್ಲೇಸ್ ಈ ಹೊಸ ಜಾತಿಯದ್ದು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರಬಹುದು, ಒಳಗಂತೂ ಕೂರಲಾಗದು.

ಬೇಕಿಲ್ಲವಾದ ಮೇಲೆ ಅದರ ಮೇಲೆ ಪ್ರೀತಿ ಹುಟ್ಟಿತು ನೋಡಿ. 19ನೇ ಶತಮಾನದ ಕೊನೆಗೆ ದೊಡ್ಡ ವಾಸ್ತುಶಿಲ್ಪಿಗಳೆಲ್ಲ ಹೊಸ ಮನೆಗಳಿಗೆ ಇಂಗಲ್‌ನೂಕ್ ಕಟ್ಟತೊಡಗಿದರು. ನಾರ್ಥಂಬರ್ಲೆಂಡಿನ ಕ್ರ್ಯಾಗ್‌ಸೈಡ್ ಇದಕ್ಕೆ ಒಳ್ಳೇ ಉದಾಹರಣೆ. ಫಿರಂಗಿ ಕಾರ್ಖಾನೆಯ ಧಣಿ ವಿಲಿಯಂ ಆರ್ಮ್‌ಸ್ಟ್ರಾಂಗ್‌ಗೆ ರಿಚರ್ಡ್ ನಾರ್ಮನ್ ಶಾ ಕಟ್ಟಿಕೊಟ್ಟ ಮನೆ ಅದು. ಊಟದ ಕೋಣೆಯಲ್ಲಿ ಭಾರಿ ಕಲ್ಲಿನ ಇಂಗಲ್‌ನೂಕ್. ಪೂರ್ವವೋ ಪಶ್ಚಿಮವೋ, ಮನೆಯೇ ಮೇಲು ಎಂಬರ್ಥದ ಮಾತನ್ನು ಸ್ಕಾಟ್ಲೆಂಡಿನ ನುಡಿಯಲ್ಲಿ ಒಲೆಯ ಮೇಲೆ ಕೆತ್ತಿಸಿದ್ದಾರೆ. ಆರ್ಮ್‌ಸ್ಟ್ರಾಂಗ್ ಅದರೊಳಗೆ ಚಪ್ಪಲಿ ಮೆಟ್ಟಿ, ನಾಯಿಗಳ ಜೊತೆ ಪೇಪರ್ ಓದುತ್ತ ಕೂತ ಚಿತ್ರವೂ ಇದೆ. ಆದರೆ ಅದೇ ಮನೆಯಲ್ಲಿ ನೀರಿನಿಂದ ಕರೆಂಟ್ ತೆಗೆದು ಬಲ್ಬ್ ಉರಿಸುತ್ತಿದ್ದರು, ಅದೂ 1880ರ ಹೊತ್ತಿಗೆ! ಅಮೆರಿಕದಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1889ರಲ್ಲಿ ಓಕ್ ಪಾರ್ಕ್‌ನಲ್ಲಿ ಕಟ್ಟಿಕೊಂಡ ತನ್ನ ಮನೆಗೂ ಇಂಗಲ್‌ನೂಕ್ ಇಟ್ಟ. ಅಲ್ಲಿ ಯಾರ ಬಗ್ಗೆಯೂ ಕೆಟ್ಟ ಮಾತಾಡಬೇಡಿ ಎಂದು ಬರೆಸಿದ. ರೈಟ್‌ನದ್ದು ಚಿಕ್ಕದು, ಚೊಕ್ಕ, ನನಗೆ ಇಷ್ಟ. ಶಾ ಕಟ್ಟಿದ್ದು ನಾಟಕದ ಸೆಟ್ಟಿನ ಹಾಗೆ ಕಾಣುತ್ತದೆ. ಚಳಿಗೆ ಹೆದರಿ ಯಾರೂ ಅದರೊಳಗೆ ಕೂತಿರಲಾರರು.

ಕೊನೆಗೆ, ಈಗ ಉರಿಸಬಹುದಾ ಎಂಬ ಪ್ರಶ್ನೆ. ಬಹುದು, ಆದರೆ ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಮೊದಲು ಕೇಳಬೇಕಾದ್ದು, ಚಿಮ್ನಿ ಕೊನೆಯ ಸಲ ಗುಡಿಸಿದ್ದು ಯಾವಾಗ, ಗುಡಿಸಿದವರ ಸರ್ಟಿಫಿಕೇಟ್ ಇದೆಯಾ ಅಂತ. ವರ್ಷಕ್ಕೆ ಒಮ್ಮೆಯಾದರೂ ಗುಡಿಸಬೇಕು. ಮಸಿಗೆ ಬೆಂಕಿ ಹತ್ತಿದರೆ, ಅದರಲ್ಲೂ ಹುಲ್ಲಿನ ಸೂರಿದ್ದರೆ, ಮನೆಯೇ ಹೋಗುತ್ತದೆ. ಜಾಕ್‌ಡಾ ಎಂಬ ಸಣ್ಣ ಕಾಗೆ ಜಾತಿಯ ಹಕ್ಕಿ ಅಲ್ಲಿನ ಚಿಮ್ನಿಗಳಲ್ಲಿ ಕಡ್ಡಿ ತುಂಬಿ ಗೂಡು ಕಟ್ಟುತ್ತದೆ. ಗೂಡು ಅಡ್ಡ ಬಂದರೆ ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಉಳಿಯುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರು ಏಳುವುದಿಲ್ಲ. ಇಂಗ್ಲೆಂಡಿನಲ್ಲಿ ಸೌದೆ, ಕಲ್ಲಿದ್ದಲು ಉರಿಸುವ ಬಾಡಿಗೆ ಮನೆಯ ಕೋಣೆಗೆ ಇದರ ಅಲಾರಂ ಹಾಕಿಸುವುದು 2015ರಿಂದ ಮಾಲೀಕರ ಹೊಣೆ. ಅಲಾರಂ ಇಲ್ಲದಿದ್ದರೆ ಕಡ್ಡಿ ಗೀರಲೇಬಾರದು.

ಊರಿನ ಕೌನ್ಸಿಲ್‌ನಲ್ಲಿ ಅದು ಹೊಗೆ ನಿಯಂತ್ರಣ ಪ್ರದೇಶವಾ ಎಂದೂ ವಿಚಾರಿಸಲಿ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಬಂದ ಕಾನೂನು ಅದು. ಅಂಥ ಕಡೆ ತೆರೆದ ಒಲೆಯಲ್ಲಿ ಸೌದೆ ಉರಿಸುವ ಹಾಗಿಲ್ಲ. ಒಪ್ಪಿಗೆ ಪಡೆದ ಮುಚ್ಚಿದ ಸ್ಟೌವ್ ಇದ್ದರೆ ಆಗುತ್ತದೆ. ಸೌದೆಯೂ ಒಣಗಿದ್ದೇ ಆಗಬೇಕು. ಸಣ್ಣ ಕಟ್ಟುಗಳಲ್ಲಿ ಮಾರುವ ಸೌದೆಯಲ್ಲಿ ತೇವ ಶೇ 20 ಮೀರಬಾರದು ಎಂದು 2021ರಿಂದ ಅಲ್ಲಿ ನಿಯಮ. ಫೋಟೋದಲ್ಲಿ ಇಂಗಲ್‌ನೂಕ್ ನಡುವೆ ಕಪ್ಪು ಕಬ್ಬಿಣದ ಸ್ಟೌವ್ ಕಂಡರೆ ಒಳ್ಳೇದೇ ಆಯಿತು. ತೆರೆದ ಬೆಂಕಿಯ ಶಾಖದಲ್ಲಿ ಮುಕ್ಕಾಲು ಪಾಲಾದರೂ ಚಿಮ್ನಿಯಲ್ಲಿ ಹೋಗಿಬಿಡುತ್ತದೆ, ಸ್ಟೌವ್‌ನಲ್ಲಿ ಅದರ ತಲೆಕೆಳಗು. ಸೀರೆಯ ಸೆರಗು, ದುಪಟ್ಟಾ ಇರುವವರು ತೆರೆದ ಬೆಂಕಿಯ ಪಕ್ಕದ ಕಟ್ಟೆಯಲ್ಲಿ ಕೂರುವುದು ಬೇಡ. ಸಿಂಥೆಟಿಕ್ ಬಟ್ಟೆಗೆ ಒಂದು ಕಿಡಿ ಸಾಕು.

ಒಲೆ ಬರೀ ಅಲಂಕಾರಕ್ಕೆ ಎಂದು ಕರಾರಿನಲ್ಲಿ ಇದ್ದರೆ ಒಂದು ಕೆಲಸ ಮಾಡಿಸಿಕೊಳ್ಳಲಿ. ಚಿಮ್ನಿಯ ಗಂಟಲಿಗೆ ಗಾಳಿ ತಡೆಯುವ ಮುಚ್ಚಳ ಹಾಕಿಸಿ ಎಂದು ಮಾಲೀಕರನ್ನು ಕೇಳಲಿ. ದಪ್ಪ ಉಣ್ಣೆಯವೂ ಸಿಗುತ್ತವೆ, ಅಳತೆಗೆ ಹಲಗೆಯಲ್ಲೂ ಮಾಡಿಕೊಡುತ್ತಾರೆ. ತೇವ ಕಟ್ಟದ ಹಾಗೆ ಸ್ವಲ್ಪ ಗಾಳಿಯಾಡಲು ಬಿಟ್ಟಿರಬೇಕು. ಇದೊಂದು ಇಲ್ಲದಿದ್ದರೆ ಹೀಟರ್‌ನ ಬಿಸಿಯೆಲ್ಲ ಹಗಲೂ ರಾತ್ರಿ ಆ ಏಳೆಂಟಡಿ ಬಾಯಿಂದ ಹೊರಗೆ ಹೋಗುತ್ತದೆ, ಜನವರಿಯ ಬಿಲ್ ನೋಡಿದಾಗಲೇ ಗೊತ್ತಾಗುವುದು.